ಆರನೇ ಹಾಸಿಗೆಯ ನಾಡಿ

ರೋಗಿಗಳ ಮಣಿಕಟ್ಟಿಗೆ ಕಟ್ಟುವ ಪಟ್ಟಿಗಳು ಬಂದ ದಿನವೇ ನನಗೆ ಕುರ್ಚಿ ಸಿಕ್ಕಿತು. ಅದಕ್ಕೂ ಮೊದಲು ಎರಡು ವರ್ಷ ನಾನು ಆ ವಾರ್ಡಿನಲ್ಲಿ ಕೂತದ್ದೇ ಇಲ್ಲ. ನೆಲ ಒರೆಸುವುದು, ಚಾದರ ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು, ಯಾರಾದರೂ ‘ಅನ್ನಮ್ಮಾ’ ಎಂದರೆ ಓಡುವುದು. ಆಯಾಗಳು ಕೂರಬಾರದು ಎಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಕೂರುವುದಕ್ಕೆ ಏನೂ ಇಟ್ಟಿರಲಿಲ್ಲ.

ನಮ್ಮದು ಮಾನ್ವಿಯಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿರುವ ಹನ್ನೆರಡು ಹಾಸಿಗೆಯ ಧರ್ಮಾಸ್ಪತ್ರೆ. ಸಿರವಾರದಲ್ಲಿ ಅಕ್ಕಿ ಗಿರಣಿ ಇರುವ ಪ್ರಭುರಾಜ ಸಾವ್ಕಾರರು ಕಟ್ಟಿಸಿದ್ದು. ಅಲ್ಲಿ ಡಾಕ್ಟರು ಅಂದರೆ ಸೂಫಿಯಾ ಮೇಡಂ ಒಬ್ಬರೇ, ಹಗಲಿಗೆ ಸಿಸ್ಟರ್ ಅಂದರೆ ನಾಗರತ್ನಾ ಸಿಸ್ಟರ್ ಒಬ್ಬರೇ. ಹೊರಗಿನ ರೋಗಿಗಳ ಸಾಲು ಗೇಟಿನ ತನಕ ಬೆಳೆದಾಗ ಇಬ್ಬರೂ ಆ ಕಡೆ ಹೋಗುತ್ತಿದ್ದರು. ಆಗ ವಾರ್ಡಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು ರೋಗಿಗಳೇ. ಹೋದ ಬೇಸಿಗೆಯಲ್ಲಿ ಒಂಬತ್ತನೇ ಹಾಸಿಗೆಯ ಮುದುಕಿಯ ಉಸಿರು ನಿಲ್ಲುತ್ತಿರುವುದನ್ನು ಮೊದಲು ಕಂಡವನು ಕಿಟಕಿಯಲ್ಲಿ ಮೋಸಂಬಿ ಮಾರಲು ಬಂದವನು. ಮುದುಕಿ ಬದುಕಿದಳು. ಮೇಡಂ ಮಾತ್ರ ಅಂದಿನಿಂದ ಸುಮ್ಮನೆ ಕೂರಲಿಲ್ಲ.

ಪಟ್ಟಿಗಳನ್ನು ಮಾಡಿದವನು ರಾಯಚೂರಿನ ಶಕೀಲ್. ಎಂಜಿನಿಯರಿಂಗ್ ಓದಿ, ತಂದೆಯ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಕಾರ್ಖಾನೆ ಇಟ್ಟವನು. ಕಪ್ಪು ರಬ್ಬರಿನ ಪಟ್ಟಿ, ಅದರ ಮೇಲೆ ಬೆಂಕಿಪೊಟ್ಟಣದಷ್ಟು ಡಬ್ಬಿ, ಡಬ್ಬಿಯಿಂದ ಹೊರಟ ಸಣ್ಣ ವಯರಿನ ತುದಿಗೆ ಬೆರಳಿಗೆ ಹಾಕುವ ಟೊಪ್ಪಿಗೆ. ಇಷ್ಟೇ. ದೊಡ್ಡ ಆಸ್ಪತ್ರೆಗಳಲ್ಲಿ ಹಾಸಿಗೆಗೊಂದು ಟಿವಿಯಂಥ ಮಷೀನು ಇರುತ್ತದೆ, ಆ ಒಂದು ಮಷೀನಿನ ದುಡ್ಡಿನಲ್ಲಿ ಇಂಥ ಪಟ್ಟಿ ಇಡೀ ವಾರ್ಡಿಗೆ ಕಟ್ಟಬಹುದು ಎಂದು ಅವನು ಹೇಳಿದ. ಹನ್ನೆರಡು ಪಟ್ಟಿಯ ಸುದ್ದಿಯೂ ಮೇಜಿನ ಮೇಲಿನ ಒಂದು ಟ್ಯಾಬಿಗೆ ಬರುತ್ತಿತ್ತು. ಅದರಲ್ಲಿ ಹನ್ನೆರಡು ಚೌಕ, ಪ್ರತಿ ಚೌಕದಲ್ಲಿ ಎರಡು ಅಂಕಿ. ಮೇಲಿನದು ನಾಡಿ, ಕೆಳಗಿನದು ರಕ್ತದಲ್ಲಿನ ಆಮ್ಲಜನಕ. ಚೆನ್ನಾಗಿದ್ದರೆ ಹಸಿರು, ಅಷ್ಟಕ್ಕಷ್ಟೇ ಇದ್ದರೆ ಹಳದಿ, ಕೆಟ್ಟರೆ ಕೆಂಪು. ಎರಡು ತಿಂಗಳು ಬಳಸಿ ನೋಡಿ, ಆಮೇಲೆ ಇಟ್ಟುಕೊಳ್ಳಿ ಇಲ್ಲವೇ ವಾಪಸು ಕೊಡಿ ಎಂದು ಅವನು ಬಿಟ್ಟುಹೋದ.

ಮೊದಲ ದಿನ ಅದಕ್ಕೆ ಸದ್ದೂ ಇತ್ತು. ಕೆಂಪಾದರೆ ಟ್ಯಾಬು ಕೂಗುತ್ತಿತ್ತು. ನಾಲ್ಕನೇ ಹಾಸಿಗೆಯ ಸುಗ್ರಾ ಬೇಗಂ ಬಳೆ ಹಿಂದೆ ಸರಿಸಿದರೆ ಕೂಗಿತು. ಹತ್ತನೆಯವನು ಕಟಕರೊಟ್ಟಿ ಮುರಿದರೆ ಕೂಗಿತು. ಒಬ್ಬಾಕೆ ಮೊಮ್ಮಗನನ್ನು ತಟ್ಟಿ ಮಲಗಿಸಿದರೆ, ಮಗು ಮಲಗಿತು, ಟ್ಯಾಬು ಎದ್ದಿತು. ಮಧ್ಯಾಹ್ನದೊಳಗೆ ನಲವತ್ತು ಸಲ ಓಡಿದ ನಾಗರತ್ನಾ ಸಿಸ್ಟರ್ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಅದರ ಬಾಯಿಗೆ ಹಚ್ಚಿಬಿಟ್ಟರು. ಯಾವುದು ನಿಜವಾದ ಕೆಂಪು, ಯಾವುದು ಕೈ ಅಲ್ಲಾಡಿಸಿದ ಕೆಂಪು ಎಂದು ತಿಳಿಯಬೇಕಾದರೆ ಒಬ್ಬ ಮನುಷ್ಯ ಎದುರಿಗೆ ಕೂತು ಟ್ಯಾಬನ್ನೂ ನೋಡುತ್ತ ರೋಗಿಯನ್ನೂ ನೋಡುತ್ತ ಇರಬೇಕು ಎಂದು ಶಕೀಲ್ ಫೋನಿನಲ್ಲಿ ಹೇಳಿದನಂತೆ. ಸಿಸ್ಟರ್ ನನ್ನ ಕಡೆ ಬೆರಳು ಮಾಡಿದರು.

“ಇಕಿನ್ನ ಕೂಡಿಸ್ರಿ ಮೇಡಂ. ಮಾತಾಡಂಗಿಲ್ಲ, ಬರೇ ನೋಡ್ತಾಳ.”

ಹಾಗೆ ನನಗೆ ಕುರ್ಚಿ ಬಂತು. ಕೆಂಪಾದ ಮೇಲೆ ಹತ್ತು ಎಣಿಸಬೇಕು, ಆಗಲೂ ಕೆಂಪಾಗಿಯೇ ಇದ್ದರೆ ಸಿಸ್ಟರನ್ನು ಕೂಗಬೇಕು. ನೋಡುವುದು ನನಗೆ ಕಷ್ಟವಲ್ಲ. ಕೂಗುವುದೇ ಕಷ್ಟ. ದೇವದುರ್ಗದ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿ ಮಾಸ್ತರರು ನಿಲ್ಲಿಸಿ ಪಾಠ ಓದು ಎಂದಾಗ ನನ್ನ ಬಾಯಿಂದ ಗಾಳಿ ಮಾತ್ರ ಬಂದಿತ್ತು. ಮರುವಾರವೂ ಗಾಳಿಯೇ ಬಂತು. ಮೂರನೇ ವಾರ ನಾನೇ ಹೋಗಲಿಲ್ಲ. ಈಗ ಸಿಸ್ಟರ್ ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿ ‘ಆರು ಕೆಂಪು’ ಎಂದು ಕೂಗಲು ಕಲಿಸಿದರು. ಮೂರು ದಿನ ಕಲಿಸಿದರು. ಪಕ್ಕದಲ್ಲಿ ಕೂತಿದ್ದ ಪಾರಿವಾಳಗಳು ಕಾಳು ತಿನ್ನುವುದನ್ನು ಬಿಡಲಿಲ್ಲ. ನಾಲ್ಕನೇ ದಿನ ಅವರು ಅಡುಗೆಮನೆಯಿಂದ ಒಂದು ಸ್ಟೀಲ್ ತಾಟು, ಒಂದು ಸೌಟು ತಂದು ನನ್ನ ಮೇಜಿನ ಮೇಲಿಟ್ಟು, ಕೆಂಪಾದರೆ ಬಾರಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದರು. ಬಾರಿಸುವುದು ನನಗೆ ಬಂತು. ಹದಿನೈದು ದಿನದಲ್ಲಿ ಐದು ಸಲ ಬಾರಿಸಿದೆ, ಐದೂ ನಿಜವಾದ ಕೆಂಪು. ಮೇಡಂ ಒಂದು ದಿನ ನನ್ನ ಬೆನ್ನು ತಟ್ಟಿದರು. ಆ ರಾತ್ರಿ ನಾನು ಇರುವ ಸೋದರತ್ತೆಯ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ.

ಆಗ ಆರನೇ ಹಾಸಿಗೆಗೆ ಹಿರೇಕೊಟ್ನೆಕಲ್ಲಿನ ಶರಣಯ್ಯ ತಾತ ಬಂದರು.

ತಾತನಿಗೆ ಎದೆಯ ಬಲ ಕಡಿಮೆಯಾಗಿ ಮೈಯಲ್ಲಿ ನೀರು ತುಂಬಿಕೊಂಡಿತ್ತು. ಪಾದದ ಮೇಲೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುವುದರಿಂದ ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಬೆಳಿಗ್ಗೆ ಒಂದು, ಸಂಜೆ ಒಂದು, ನೀರು ಇಳಿಸುವ ಇಂಜೆಕ್ಷನ್. ನನ್ನ ಟ್ಯಾಬಿನಲ್ಲಿ ಅವರ ನಾಡಿ ನೂರೆಂಟು, ಆಮ್ಲಜನಕ ತೊಂಬತ್ತೊಂದು. ಹಳದಿ. ಕೆಂಪಿಗೆ ಕೂದಲೆಳೆಯಷ್ಟು ದೂರ. ಜೊತೆಗೆ ಇದ್ದವನು ಮಗ ಅಂಬರೀಶ. ಇಪ್ಪತ್ತಾರು ವರ್ಷ, ಗಟ್ಟಿ ಆಳು, ಯಾರು ಏನು ಹೇಳಿದರೂ ‘ಆತು ತಗೋರಿ’ ಎನ್ನುವವನು.

ಆರನೇ ಹಾಸಿಗೆ ನನ್ನ ಮೇಜಿಗೆ ಹತ್ತಿಕೊಂಡೇ ಇದೆ. ನಾನು ಇರುವುದು ಬಹಳ ಜನಕ್ಕೆ ಕಾಣುವುದಿಲ್ಲ, ಹಾಗಾಗಿ ಅಪ್ಪ ಮಗ ಮಾತಾಡಿದ್ದೆಲ್ಲ ಕೇಳಿಸುತ್ತಿತ್ತು. ಮಂಗಳವಾರದಿಂದ ಗುರುವಾರದ ತನಕ, ದಿನಾ ಹನ್ನೊಂದರಿಂದ ಐದರವರೆಗೆ, ಅವರ ಗದ್ದೆಗೆ ಕಾಲುವೆ ನೀರಿನ ಪಾಳಿ. ಅವರ ಊರು ಕಾಲುವೆಯ ಕೊನೆಗೆ. ಅಲ್ಲಿ ನಮ್ಮ ಪಾಳಿಯಲ್ಲಿ ನಾವೇ ಹೋಗಿ ತೂಬಿನ ಮೇಲೆ ಕೂತಿರಬೇಕು. ಎದ್ದು ನಾಲ್ಕು ಹೆಜ್ಜೆ ಹೋದರೂ ಮೇಲಿನ ಗದ್ದೆಯವನು ನೀರು ತನ್ನ ಕಡೆ ತಿರುವಿಕೊಳ್ಳುತ್ತಾನೆ. ಮೇಲಿನ ಗದ್ದೆ ಹನುಮಂತ್ರಾಯನದು. ನಾನು ಹೋಗುತ್ತೇನೆ ಎಂದು ಅಂಬರೀಶ ಹೇಳಿದ.

“ನೀ ಹೋದ್ರ ಹನುಮಂತ್ರಾಯ ನಿನಗ ಚಾ ಕುಡಸ್ತಾನ,” ಎಂದರು ತಾತ. “ನೀ ಚಾ ಕುಡಿಯೋದ್ರೊಳಗ ನೀರು ಅವನ ಗದ್ದ್ಯಾಗ ಇರ್ತದ.”

“ಚಾ ಒಲ್ಲೆ ಅಂತೀನಿ ತಗೋಪ್ಪ.”

“ನೀ ಹುಟ್ಟಿದಾಗಿಂದ ಯಾರಿಗರ ಒಲ್ಲೆ ಅಂದದ್ದು ನಾ ಕೇಳಿಲ್ಲಲೇ.”

ಅಂಬರೀಶ ಇದಕ್ಕೂ ‘ಆತು ತಗೋ’ ಎಂದ.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ವಾರ್ಡಿನಲ್ಲೂ ಹಾಗೆಯೇ. ರೋಗಿ ಸ್ನಾನಕ್ಕೋ ಮನೆಗೋ ಹೋದರೆ ಹಾಸಿಗೆ ಖಾಲಿ ಬಿಡುವುದಿಲ್ಲ, ಬಿಟ್ಟರೆ ಹೊಸಬರು ಬಂದು ಮಲಗುತ್ತಾರೆ. ತಂಗಿಯೋ ಸೊಸೆಯೋ ಚಾದರ ಹೊದ್ದು ಮಲಗಿರುತ್ತಾರೆ. ನಾಗರತ್ನಾ ಸಿಸ್ಟರಿಗೂ ಇದು ಗೊತ್ತು, ಏನೂ ಅನ್ನುವುದಿಲ್ಲ. ಪಟ್ಟಿಗಳು ಬಂದ ಮೇಲೆ ಈ ಪದ್ಧತಿ ನಿಂತಿತು ಎಂದುಕೊಂಡಿದ್ದೆ.

ಮಂಗಳವಾರ ಹತ್ತೂವರೆಗೆ ಮೇಡಂ ರೌಂಡ್ಸ್ ಮುಗಿಸಿ ಹೊರಗೆ ಹೋದರು. ತಾತ ಪಟ್ಟಿ ಬಿಚ್ಚಿ ದಿಂಬಿನ ಕೆಳಗೆ ಇಟ್ಟರು. ನನ್ನ ಆರನೇ ಚೌಕ ಬೂದಿಬಣ್ಣವಾಗಿ, ಅಂಕಿ ಹೋಗಿ ಎರಡು ಗೆರೆ ಬಂತು. ನಾನು ತಿರುಗಿ ನೋಡಿದೆ. ತಾತ ನನ್ನನ್ನು ನೋಡಿ, ಪಟ್ಟಿಯನ್ನು ಬಿಸಿನೀರಿನ ಚೀಲಕ್ಕೆ ಸುತ್ತಿದರು. ಗೆರೆ ಹೋಗಲಿಲ್ಲ. ಸ್ವಲ್ಪ ಯೋಚನೆ ಮಾಡಿ, ಮಗನನ್ನು ಹಾಸಿಗೆಗೆ ಹತ್ತಿಸಿ, ಅವನ ಕೈಗೆ ಕಟ್ಟಿ, ಬೆರಳಿಗೆ ಟೊಪ್ಪಿಗೆ ಹಾಕಿ, ಗದ್ದದ ತನಕ ಕಂಬಳಿ ಹೊದಿಸಿದರು. ಚೌಕ ಹಸಿರಾಯಿತು. ನಾಡಿ ಅರವತ್ತನಾಲ್ಕು, ಆಮ್ಲಜನಕ ತೊಂಬತ್ತೊಂಬತ್ತು. ನನ್ನ ಟ್ಯಾಬಿನಲ್ಲಿ ಅಷ್ಟು ಒಳ್ಳೆಯ ಅಂಕಿ ಅದೇ ಮೊದಲು ಬಂದದ್ದು.

ನಾನು ಎದ್ದು ಹೋಗಿ, ಅದು ನಿಮ್ಮ ಕೈಗೆ ಕಟ್ಟಿದ್ದು ತಾತ ಎಂದು ಮೆಲ್ಲಗೆ ಹೇಳಿದೆ.

“ಪಟ್ಟಿ ಮ್ಯಾಲ ಏನು ಬರದದ, ಓದು,” ಎಂದರು.

“ಆರು.”

“ಶರಣಯ್ಯ ಅಂತ ಬರದದೇನು?”

“ಇಲ್ರಿ.”

“ಹಾಸಗೀ ನಂಬರು ಆರು. ಹಾಸಗ್ಯಾಗ ನಮ್ಮ ಮನಿ ಮನಷ್ಯಾ ಅದಾನ. ರೇಷನ್ ಅಂಗಡ್ಯಾಗ ಮನ್ಯಾಗಿನವ್ರು ಯಾರು ಹೆಬ್ಬೆಟ್ಟು ಒತ್ತಿದ್ರೂ ಅಕ್ಕಿ ಕೊಡ್ತಾರಿಲ್ಲೋ? ಇದೂ ಹಂಗ ಬೇ.”

ಇದರಲ್ಲಿ ಏನೋ ತಪ್ಪಿದೆ ಎಂದು ಗೊತ್ತಿತ್ತು, ಆದರೆ ಅದನ್ನು ಹೇಳುವುದಕ್ಕೆ ಎಷ್ಟು ಮಾತು ಬೇಕೋ ಅಷ್ಟು ನನ್ನಲ್ಲಿ ಇರಲಿಲ್ಲ. ತಾತ ಟವೆಲ್ ಹೆಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೋಗಿ ಟಂಟಂ ಆಟೋ ಹತ್ತಿದರು. ಐದೂವರೆಗೆ ಬಂದರು. ಕಾಲಿನ ಕೆಸರು ತೊಳೆದುಕೊಂಡು, ಮಗನನ್ನು ಎಬ್ಬಿಸಿ, ಪಟ್ಟಿ ಕಟ್ಟಿಕೊಂಡು ಕೂತರು. ನಾಡಿ ನೂರಹದಿನಾಲ್ಕು. ಹಳದಿ. ಕೆಂಪಲ್ಲ. ನನ್ನ ನಿಯಮದಲ್ಲಿ ಕೆಂಪಾದರೆ ಬಾರಿಸು ಎಂದಷ್ಟೇ ಇತ್ತು.

ಬುಧವಾರವೂ ಹೀಗೆಯೇ ಆಯಿತು. ಅಂಬರೀಶನಿಗೆ ಮಲಗುವ ಕೆಲಸ ಒಗ್ಗಿತು. ಮಧ್ಯಾಹ್ನ ಕಂಬಳಿಯೊಳಗೆ ಮೊಬೈಲ್ ಇಟ್ಟುಕೊಂಡು ಕ್ರಿಕೆಟ್ ನೋಡುತ್ತಿದ್ದ. ಅರವತ್ತೈದರಲ್ಲಿದ್ದ ನಾಡಿ ವಿಕೆಟ್ ಬಿದ್ದಾಗ ತೊಂಬತ್ತಕ್ಕೆ ಜಿಗಿದು ಮತ್ತೆ ಇಳಿಯುತ್ತಿತ್ತು. ಎಷ್ಟು ವಿಕೆಟ್ ಬಿದ್ದವು ಎಂದು ನಾನು ಟ್ಯಾಬ್ ನೋಡಿಯೇ ಹೇಳಬಹುದಿತ್ತು.

ಅಂದು ಸಂಜೆ ಸೂಫಿಯಾ ಮೇಡಂ ಟ್ಯಾಬಿನಲ್ಲಿ ಆರನೇ ಹಾಸಿಗೆಯ ಎರಡು ದಿನದ ಏರಿಳಿತದ ಗೆರೆ ತೆರೆದು ನೋಡಿದರು. ಬೆಳಿಗ್ಗೆ ಹಳದಿ, ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಹಸಿರು, ಸಂಜೆಯ ತನಕ ಹಸಿರು. ಅವರ ಮುಖ ಅರಳಿತು. ಈ ವಯಸ್ಸಿನಲ್ಲಿ ಒಂದು ಇಂಜೆಕ್ಷನ್ನಿಗೆ ಇಷ್ಟು ಚೆನ್ನಾಗಿ ತಿರುಗಿಕೊಳ್ಳುವವರನ್ನು ತಾನು ನೋಡಿಲ್ಲ ಎಂದರು. ನಡುನಡುವೆ ಈ ಜಿಗಿತ ಯಾಕೆ ಎಂದು ಸಿಸ್ಟರನ್ನು ಕೇಳಿದರು. ಗ್ಯಾಸ್ ಇರಬೇಕು ಎಂದರು ಸಿಸ್ಟರ್. ಸಂಜೆಯ ಇಂಜೆಕ್ಷನ್ ಇವತ್ತಿನಿಂದ ಬೇಡ, ಶುಕ್ರವಾರ ಮನೆಗೆ ಕಳಿಸೋಣ ಎಂದು ಮೇಡಂ ಕೇಸ್ ಶೀಟಿನಲ್ಲಿ ಬರೆದರು. ನಾಳೆ ಮಧ್ಯಾಹ್ನ ಪ್ರಭುರಾಜ ಸಾವ್ಕಾರರು ಶಕೀಲನ ಜೊತೆ ಬರುತ್ತಾರೆ, ಪಟ್ಟಿ ಇಟ್ಟುಕೊಳ್ಳಬೇಕೋ ಬೇಡವೋ ಹೇಳುತ್ತಾರೆ, ಅವರಿಗೆ ಆರನೇ ಹಾಸಿಗೆಯನ್ನೇ ತೋರಿಸಬೇಕು ಎಂದೂ ಹೇಳಿದರು.

ಮೇಡಂ ಹೋದ ಮೇಲೆ ಸುಗ್ರಾ ಬೇಗಂ ನನ್ನನ್ನು ಕೈ ಮಾಡಿ ಕರೆದರು. ಮಾನ್ವಿಯ ಬಜಾರಿನಲ್ಲಿ ಅವರದು ಬಳೆ ಅಂಗಡಿ. ಸಕ್ಕರೆ ಕಾಯಿಲೆಯ ಕಾಲುಗಾಯಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. ವಾರ್ಡಿನಲ್ಲಿ ಅವರಿಗೆ ಗೊತ್ತಿಲ್ಲದ ಸಂಗತಿ ಇರಲಿಲ್ಲ.

“ಬೇಟಿ, ಮಗನ ನಾಡಿ ನೋಡಿ ಅಪ್ಪಗ ಔಷಧಿ ಕೊಡಾಕತ್ತಾರಲ್ಲ. ಆ ಮನಷ್ಯಾ ಮನಿಗಿ ಹೋದ್ರ ಉಳಿಯಂಗಿಲ್ಲ.”

ನೀವೇ ಮೇಡಂಗೆ ಹೇಳಿ ಎಂದೆ.

“ನಾ ಹೇಳಿದ್ರ ಚಾಡಿ ಆಗ್ತದ. ನೀ ಹೇಳಿದ್ರ ಡ್ಯೂಟಿ.”

ಅವರು ಹೇಳಿದ್ದು ಸರಿ. ನಾನು ಮೇಡಂ ಕೋಣೆಯ ತನಕ ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ: ಮೇಡಂ, ಅದು ತಾತನ ನಾಡಿ ಅಲ್ಲ. ಐದೇ ಮಾತು. ಬಾಗಿಲಲ್ಲಿ ನಿಂತಾಗ ಮೇಡಂ ಫೋನಿನಲ್ಲಿ ಶಕೀಲನಿಗೆ ಆರನೇ ಹಾಸಿಗೆಯ ಸಂಗತಿಯನ್ನೇ ಹೇಳಿ ನಗುತ್ತಿದ್ದರು. ನನ್ನನ್ನು ಕಂಡು, ಏನು ಅನ್ನಮ್ಮ ಎಂದರು. ನನ್ನ ಬಾಯಿಂದ ಗಾಳಿ ಬಂತು. ಮತ್ತೆ ಕೇಳಿದರು. ನೆಲ ಒರೆಸಲೇನ್ರಿ ಎಂದೆ. ಹೂಂ ಎಂದರು. ಒರೆಸಿ ಬಂದೆ. ಬೆಳಿಗ್ಗೆಯಷ್ಟೇ ಒರೆಸಿದ ನೆಲ.

ಗುರುವಾರ ತಾತನ ಮುಖ ಊದಿತ್ತು. ಸಾವ್ಕಾರರು ಬರುವ ಗಡಿಬಿಡಿಯಲ್ಲಿ ಮೇಡಂ ಬೆಳಿಗ್ಗೆ ಹಾಸಿಗೆಗಳ ಹತ್ತಿರ ನಿಲ್ಲದೆ ಟ್ಯಾಬ್ ನೋಡಿ ಹೋಗಿದ್ದರು. ಹಿಂದಿನ ಸಂಜೆ ಇಂಜೆಕ್ಷನ್ ಇಲ್ಲದ್ದು ಕಾಲಿನಲ್ಲಿ ಕಾಣುತ್ತಿತ್ತು. ಚಪ್ಪಲಿ ಹತ್ತಲಿಲ್ಲ, ಬರಿಗಾಲಿನಲ್ಲೇ ಹೊರಟರು. ನಾನು ಅಡ್ಡ ನಿಂತೆ, ಅಂದರೆ ಬಾಗಿಲಿನ ಪಕ್ಕ ಪೊರಕೆ ಹಿಡಿದು ನಿಂತೆ. ಇದೊಂದೇ ದಿನ ಬೇ, ಕೊನೀ ಪಾಳಿ ಎಂದು ತಾತ ದಾಟಿ ಹೋದರು.

ಎರಡೂವರೆಗೆ ಸಾವ್ಕಾರರು ಬಂದರು. ಬಿಳಿ ಧೋತರ, ಬಿಳಿ ಅಂಗಿ, ಎರಡು ಮೊಬೈಲು. ಹಿಂದೆ ಲ್ಯಾಪ್‌ಟಾಪ್ ಹಿಡಿದ ಶಕೀಲ್. ಮೇಡಂ ನೇರ ಆರನೇ ಹಾಸಿಗೆಗೆ ಕರೆತಂದರು. ಅಂಬರೀಶ ಅವರ ಸದ್ದು ಕೇಳಿದ ಕೂಡಲೇ ಮುಖದ ಮೇಲೆ ಕಂಬಳಿ ಎಳೆದುಕೊಂಡ. ತಾತ ಮಲಗಿದ್ದಾರೆ ಎಂದು ಮೇಡಂ ಮೆಲ್ಲನೆಯ ದನಿಯಲ್ಲಿ ಗೆರೆ ತೋರಿಸಿ ವಿವರಿಸತೊಡಗಿದರು. ಕೂತೇ ಮಲಗುತ್ತಿದ್ದ ಮನುಷ್ಯ ಇವತ್ತು ಅಂಗಾತ ಮಲಗಿರುವುದನ್ನು ಕೂಡ ಅವರು ಗುಣವಾದದ್ದಕ್ಕೆ ಲೆಕ್ಕ ಹಿಡಿದರು.

ಸಾವ್ಕಾರರಿಗೆ ಗೆರೆ ಬೇಕಿರಲಿಲ್ಲ. “ಶರಣಯ್ಯ ನಮ್ಮ ಗಿರಣಿಗಿ ಇಪ್ಪತ್ತು ವರ್ಷ ನೆಲ್ಲು ಹಾಕ್ಯಾನ್ರಿ. ಎಬ್ಬಸ್ರಿ, ಮಾತಾಡಸ್ತೀನಿ,” ಎಂದು ಬಗ್ಗಿ, “ಏ ಶರಣಯ್ಯ, ಮಾರಿ ತೋರ್ಸಪಾ,” ಎಂದರು.

ಕಂಬಳಿ ಬಿಗಿಯಾಯಿತು. ಒಳಗಿನಿಂದ ಎರಡು ಕೈ ಅಂಚನ್ನು ಹಿಡಿದಿದ್ದವು. ನನ್ನ ಟ್ಯಾಬಿನಲ್ಲಿ ಅರವತ್ತೆಂಟು ಇದ್ದದ್ದು ತೊಂಬತ್ತಾಯಿತು, ನೂರಹತ್ತಾಯಿತು. ಸಾವ್ಕಾರರು ಕಂಬಳಿಯ ತುದಿ ಎಳೆದರು. ನೂರಮೂವತ್ತು. ನೂರನಲವತ್ತೆರಡು. ಕೆಂಪು.

ನಾನು ಎಣಿಸಿದೆ. ಹತ್ತರ ತನಕ ಎಣಿಸಿದೆ. ಕೆಂಪು ಹಾಗೇ ಇತ್ತು. ಅದು ಯಾರ ಕೆಂಪು ಎಂದು ನನಗೆ ಗೊತ್ತಿತ್ತು, ಆದರೆ ನಿಯಮದಲ್ಲಿ ಕೆಂಪು ಕೆಂಪೇ. ತಾಟು ಎತ್ತಿ ಬಾರಿಸಿದೆ.

ಆಮೇಲೆ ನಡೆದದ್ದು ಬಹಳ ಬೇಗ ನಡೆಯಿತು. ನಾಗರತ್ನಾ ಸಿಸ್ಟರ್ ಔಷಧಿ ಕೋಣೆಯಿಂದ ಹಾರಿ ಬಂದರು. ಮೇಡಂ ಕಂಬಳಿಯ ಕೆಳಗೆ ಸ್ಟೆಥಾಸ್ಕೋಪ್ ತೂರಿಸಿ ಕೇಳಿ, ಎದೆ ಕುದುರೆಯ ಹಾಗೆ ಓಡುತ್ತಿದೆ ಎಂದು ಇಂಜೆಕ್ಷನ್ ತುಂಬಲು ಹೇಳಿದರು. ಸಿಸ್ಟರ್ ಆಮ್ಲಜನಕದ ಮುಖವಾಡವನ್ನು ಕಂಬಳಿಯ ಒಳಗೇ ಕಳಿಸಿದರು, ಅಂಬರೀಶ ಅದನ್ನು ಒಳಗಿನಿಂದಲೇ ತೆಗೆದುಕೊಂಡ. ಕೈ ಬಿಗಿ ಹಿಡಿದದ್ದು ನೋಡಿ ಅವರಿಗೆ ಇದು ಫಿಟ್ಸ್ ಎನ್ನಿಸಿತು. ಶಕೀಲ್ ಗಡಿಯಾರ ನೋಡಿ, ಕೆಂಪಾಗಿ ಹದಿಮೂರು ಸೆಕೆಂಡಿಗೆ ಎಲ್ಲರೂ ಬಂದಿದ್ದೀರಿ ಎಂದು ಬರೆದುಕೊಂಡ. ಆಂಬುಲೆನ್ಸ್ ತರಿಸಿ ರಾಯಚೂರಿಗೆ ಕಳಿಸುವುದೇ ಒಳ್ಳೆಯದು ಎಂದು ಮೇಡಂ ತೀರ್ಮಾನಿಸಿ ಕಂಬಳಿಯ ಕಡೆ ಬಗ್ಗಿದರು.

“ಹೆದರಬ್ಯಾಡ್ರಿ ತಾತ. ರಾಯಚೂರಿಗೆ ಕಳಸ್ತೀವಿ.”

“ಆತು ತಗೋರಿ,” ಎಂದಿತು ಕಂಬಳಿ.

ದನಿ ಬದಲಾದದ್ದನ್ನೂ ಅವರು ಕಾಯಿಲೆಗೇ ಹಾಕಿದರು. ಎಲ್ಲರೂ ಸೇರಿ ಅಂಬರೀಶನನ್ನು ಕಂಬಳಿ ಸಮೇತ ಎತ್ತಿ ಸ್ಟ್ರೆಚರಿಗೆ ಹಾಕಿದರು. ಮುದುಕನ ಮೈ ಇಷ್ಟು ಭಾರ ಹೇಗೆ ಎಂದು ಸಾವ್ಕಾರರು ಕೇಳಿದರು. ನೀರು ತುಂಬಿದೆಯಲ್ಲ ಎಂದರು ಸಿಸ್ಟರ್.

ನಗು ಬರಬೇಕಾದ ಹೊತ್ತು ಅದು. ಆದರೆ ನನ್ನ ಕುರ್ಚಿಯಿಂದ ಕಿಟಕಿಯಾಚೆ ಗೇಟು ಕಾಣುತ್ತದೆ. ಗೇಟಿನ ಮುಂದೆ ಟಂಟಂ ನಿಂತಿತ್ತು. ಶರಣಯ್ಯ ತಾತನನ್ನು ಯಾರೋ ಎತ್ತರದ ಆಳು ಕೈಹಿಡಿದು ಇಳಿಸುತ್ತಿದ್ದ. ಮೊಣಕಾಲಿನ ತನಕ ಕೆಸರು. ತಾತ ನಾಲ್ಕು ಹೆಜ್ಜೆ ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಹೆಗಲು ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದರು. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು.

ತಾಟು ಬಾರಿಸಿದೆ. ಗೊತ್ತಾಯ್ತು ನಿಲ್ಲಿಸು ಎಂದರು ಸಿಸ್ಟರ್. ಮತ್ತೆ ಬಾರಿಸಿದೆ. ಮೇಡಂ ತಿರುಗಿಯೂ ನೋಡಲಿಲ್ಲ. ಇಂಜೆಕ್ಷನ್ನಿನ ಸೂಜಿ ಅಂಬರೀಶನ ತೋಳಿನ ಹತ್ತಿರ ಬಂದಿತ್ತು. ತಾಟಿಗೆ ಕೆಂಪು ಎಂದು ಹೇಳಲು ಬರುತ್ತದೆ, ಯಾರು ಎಂದು ಹೇಳಲು ಬರುವುದಿಲ್ಲ. ನಾನು ಬಾಯಿ ತೆರೆದೆ, ಗಾಳಿ ಬಂತು. ಎರಡನೇ ಸಲ ತೆರೆದೆ. ಹೊರಗೆ ತಾತನ ತಲೆ ಒಂದು ಕಡೆ ವಾಲಿತು.

“ಅದು ಅಂಬರೀಶ,” ಎಂದು ಕೂಗಿದೆ. “ತಾತ ಮೆಟ್ಲ ಮ್ಯಾಲ ಕುಂತಾರ್ರೀ, ಉಸುರು ಬರವಲ್ದು, ಬರ್ರಿ.”

ಅಷ್ಟು ದೊಡ್ಡ ಸದ್ದು ನನ್ನೊಳಗೆ ಎಲ್ಲಿತ್ತೋ ಗೊತ್ತಿಲ್ಲ. ಸಿಸ್ಟರ್ ಕೈಯಿಂದ ಸಿರಿಂಜ್ ಬಿತ್ತು. ಎಲ್ಲರಿಗಿಂತ ಮೊದಲು ಓಡಿದವನು ಸ್ಟ್ರೆಚರಿನ ಮೇಲಿದ್ದವನು. ಕಂಬಳಿ ಎಸೆದು, ಮುಖವಾಡ ಕುತ್ತಿಗೆಯಲ್ಲಿ ನೇತಾಡಿಸಿಕೊಂಡು ಅಂಬರೀಶ ಹಾರಿ ಹೋಗಿ ಅಪ್ಪನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. ಸಾವ್ಕಾರರು ಸ್ಟ್ರೆಚರನ್ನೂ ಅವನನ್ನೂ ನೋಡಿ, ಮತ್ತೆ ಸ್ಟ್ರೆಚರನ್ನು ನೋಡಿದರು.

ಅಂಬರೀಶ ಎದ್ದ ಸ್ಟ್ರೆಚರಿನಲ್ಲೇ ಮೇಡಂ ತಾತನನ್ನು ಒರಗಿಸಿ, ಆಮ್ಲಜನಕ ಹಚ್ಚಿ, ನೀರಿಳಿಸುವ ಇಂಜೆಕ್ಷನ್ ಕೊಟ್ಟರು. ಶಕೀಲ್ ಮಗನ ಕೈಯಿಂದ ಪಟ್ಟಿ ಬಿಚ್ಚಿ ಅಪ್ಪನ ಕೈಗೆ ಕಟ್ಟಿದ. ಆಮ್ಲಜನಕ ಎಷ್ಟಿದೆ ಓದು ಎಂದು ಮೇಡಂ ನನ್ನತ್ತ ಕೂಗಿದರು. ನಾನು ಓದಿದೆ. ಎಪ್ಪತ್ತೆಂಟು. ಎಪ್ಪತ್ತೆಂಟು. ಎಂಬತ್ತು. ವಾರ್ಡಿನಲ್ಲಿ ಎಲ್ಲರೂ ಎದ್ದು ಕೂತು ನಾನು ಓದುವುದನ್ನು ಕೇಳುತ್ತಿದ್ದರು. ಎಂಬತ್ಮೂರು. ಸುಗ್ರಾ ಬೇಗಂ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಎಂಬತ್ತೇಳು. ತೊಂಬತ್ತು ಎಂದಾಗ ಹತ್ತನೇ ಹಾಸಿಗೆಯವನು ಚಪ್ಪಾಳೆ ತಟ್ಟಿದ, ಅವನ ಚೌಕ ಕೆಂಪಾಯಿತು. ಅದನ್ನು ನಾನು ಎಣಿಸಲಿಲ್ಲ.

ತಾತ ಕಣ್ಣು ಬಿಟ್ಟು ಮೊದಲು ಮಗನನ್ನು ನೋಡಿದರು.

“ನೀ ಇಲ್ಲಿ ಯಾಕ ನಿಂತೀಯಲೇ? ಐದರ ತನಕ ನಮ್ಮ ಪಾಳಿ.”

ಆ ಎತ್ತರದ ಆಳು ಬಾಗಿಲಲ್ಲೇ ನಿಂತಿದ್ದ. ಅವನೇ ಹನುಮಂತ್ರಾಯ. ಶರಣಯ್ಯ ತೂಬಿನ ಮೇಲಿಂದ ಬಿದ್ದದ್ದು ನೋಡಿ ಎತ್ತಿಕೊಂಡು ಬಂದಿದ್ದ. ನೀರು ಯಾರ ಕಡೆ ಹರಿಯುತ್ತಿದೆ ಎಂದು ಸಾವ್ಕಾರರು ಅವನನ್ನು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ಹೊರಡುವ ಮೊದಲು ಸ್ವಲ್ಪ ತಿರುವಿ ಬಂದೆ ಎಂದ. ಸಾವ್ಕಾರರು ಅಂಬರೀಶನನ್ನು ತಮ್ಮ ಕಾರಿನಲ್ಲಿ ಕೂಡಿಸಿ, ಹನುಮಂತ್ರಾಯನನ್ನೂ ಅದರಲ್ಲೇ ಕೂಡಿಸಿ ಕಳಿಸಿದರು. ದಾರಿಯಲ್ಲಿ ಹನುಮಂತ್ರಾಯ ಚಹಾ ಕುಡಿಯೋಣವೇ ಎಂದನಂತೆ. ಅಂಬರೀಶ ಒಲ್ಲೆ ಎಂದನಂತೆ. ಇದನ್ನು ಡ್ರೈವರ್ ಬಂದು ಹೇಳಿದಾಗ ತಾತ ನಂಬಲಿಲ್ಲ.

ಐದು ಗಂಟೆಗೆ ತಾತ ಮೂರು ದಿಂಬಿಗೆ ಒರಗಿ ನಿದ್ದೆ ಹೋದರು. ನಾಡಿ ನೂರ ಆರು, ಆಮ್ಲಜನಕ ತೊಂಬತ್ಮೂರು, ಅವರದೇ. ಮೇಡಂ ಶುಕ್ರವಾರದ ಬಿಡುಗಡೆ ಹೊಡೆದುಹಾಕಿ, ಸಂಜೆಯ ಇಂಜೆಕ್ಷನ್ ಮತ್ತೆ ಬರೆದರು. ಆಮೇಲೆ ನನ್ನ ಮೇಜಿನ ಹತ್ತಿರ ಒಂದು ಸ್ಟೂಲು ಎಳೆದುಕೊಂಡು ಕೂತರು. ಬೇರೆ ಯಾರೂ ಹತ್ತಿರ ಇರಲಿಲ್ಲ.

“ಯಾವಾಗಿಂದ ಗೊತ್ತಿತ್ತು ನಿನಗ?”

“ಮಂಗಳವಾರದಿಂದ್ರಿ.”

“ಯಾಕ ಹೇಳಲಿಲ್ಲ?”

ಕೆಂಪು ಆಗಿರಲಿಲ್ಲ ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಕೆಟ್ಟದಾಗಿ ಕೇಳಿಸಿತು. ಮೇಡಂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿನ್ನೆ ನೆಲ ಒರೆಸಿದೆಯಲ್ಲ, ಆಗ ಇದನ್ನೇ ಹೇಳಲು ಬಂದಿದ್ದೆಯಾ ಎಂದು ಕೇಳಿದರು. ತಲೆಯಾಡಿಸಿದೆ. ತಾನು ಫೋನ್ ಇಟ್ಟು ಇನ್ನೊಂದು ಸಲ ಕೇಳಬೇಕಿತ್ತು ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ಆಮೇಲೆ ಟ್ಯಾಬನ್ನು ನನ್ನ ಕಡೆ ಸರಿಸಿದರು.

“ಸಾವ್ಕಾರ್ರು ಪಟ್ಟಿ ಇಟ್ಕೋರಿ ಅಂದಾರ. ಆದ್ರ ಟ್ಯಾಬು ನೋಡಿ ಹೇಳಾಕ ಅಷ್ಟ ಅಲ್ಲ ನೀನು ಇರೋದು. ಕೆಂಪಾಗಲಿ ಬಿಡಲಿ, ನಿನಗ ಏನು ಕಂಡ್ರೂ ನನಗ ಹೇಳಬೇಕು. ಹೇಳ್ತೀಯೇನು?”

ಹೇಳುತ್ತೇನೆ ಎಂದೆ. ಗಂಟಲು ಕೂಗಿ ಕೂಗಿ ಬಿದ್ದುಹೋಗಿತ್ತು, ಆದರೂ ಮಾತು ಬರುತ್ತಿತ್ತು.

“ಹಂಗಾದ್ರ ಮೇಡಂ, ಹನ್ನೊಂದನೇ ಹಾಸಗೀ ಖಾಸಿಂ ಸಾಬ್ರು ಮಧ್ಯಾಹ್ನ ಸಂತಿಗಿ ಹೋಗ್ಯಾರ್ರೀ. ಅಲ್ಲಿ ಮಲಗಿದವ್ರು ಅವರ ತಮ್ಮ.”

ಮೇಡಂ ಹನ್ನೊಂದನೇ ಚೌಕ ನೋಡಿದರು. ಎಪ್ಪತ್ತು, ತೊಂಬತ್ತೊಂಬತ್ತು, ಎಲೆಯಂಥ ಹಸಿರು. ಅವರು ಸ್ಟೂಲಿನಿಂದ ಎದ್ದು, ವಾರ್ಡಿನ ಆ ತುದಿಗೆ ನಡೆದು ಹೋಗಿ, ಮುಸುಕು ಹಾಕಿ ಮಲಗಿದ್ದವರ ಕಾಲ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಎಪ್ಪತ್ತಿದ್ದದ್ದು ತೊಂಬತ್ತಾಯಿತು.